ರಾಮರಾಯನ ಮಗ

ನಮ್ಮ ಸಂಘದ ಕೂಟವೊಂದರಲ್ಲಿ ವಿಜಯನಗರದ ಮಾತು ಬಂದಾಗ ಹಿರಿಯರೊಬ್ಬರು, ಅಳಿಯ ರಾಮರಾಯನನ್ನು ಕೊಂದವನು ಅವನ ಹೊಟ್ಟೆಯ ಮಗನೇ ಎಂದು ನಿಸ್ಸಂದೇಹವಾಗಿ ನುಡಿದರು. ಮಗನ ಹೆಸರೇನೆಂದು ಒಬ್ಬ ತರುಣ ಕೇಳಿದನು. ರಣಮಸ್ತಖಾನನೆಂದು ಉತ್ತರ ಬಂದಿತು. ಸಭೆಯಲ್ಲಿ ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಧಾರವಾಡ, ಗದಗ, ವಿಜಾಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳಲ್ಲಿ ಈ ಕಥೆಯನ್ನು ಕೇಳದೆ ಬೆಳೆದವರು ವಿರಳ. ನಾನೂ ಅದನ್ನು ಅಜ್ಜಿಯ ಬಾಯಿಂದಲೇ ಮೊದಲು ಕೇಳಿದವನು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ಯಾರೋ ಗಟ್ಟಿಯಾಗಿ ಓದಿದ ಪುಸ್ತಕ ಆಕೆಯ ಮನಸ್ಸಿನಲ್ಲಿ ಪುರಾಣವಾಗಿ ಕುಳಿತಿತ್ತು.

ಆ ಪುಸ್ತಕವು ಗಳಗನಾಥರ ‘ಕನ್ನಡಿಗರ ಕರ್ಮಕಥೆ’ ಎಂಬುದನ್ನು ವಾಚಕರು ಈಗಾಗಲೇ ಊಹಿಸಿರಬಹುದು. ಅದರ ಮೂಲ ಮಾತ್ರ ಹುಟ್ಟಿದ್ದು ನಮ್ಮ ಈ ಪುಣೆಯಲ್ಲಿ. ಬುಧವಾರ ಪೇಟೆಯ ಆನಂದಾಶ್ರಮದ ಆಡಳಿತವನ್ನು ನೋಡಿಕೊಳ್ಳುತ್ತ, ‘ಕರಮಣೂಕ’ ವಾರಪತ್ರಿಕೆಯನ್ನು ನಡೆಸುತ್ತಿದ್ದ ಹರಿ ನಾರಾಯಣ ಆಪಟೆಯವರು (1864–1919) ‘ವಜ್ರಾಘಾತ’ವೆಂಬ ಮರಾಠೀ ಕಾದಂಬರಿಯನ್ನು ಬರೆದರು. ಅದನ್ನು ಗಳಗನಾಥರು, ಎಂದರೆ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942), ಕನ್ನಡಕ್ಕೆ ತಂದರು. ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮಹನೀಯರು ಅವರು. ಮುಂಬಯಿ ಕರ್ನಾಟಕದ ಸಾಮಾನ್ಯ ಓದುಗನಿಗೆ ವಿಜಯನಗರದ ಪತನವೆಂದರೆ ಏನೆಂಬುದನ್ನು ಪಾಠಶಾಲೆಯ ಚರಿತ್ರೆಗಿಂತ ಮೊದಲೇ ಕಲಿಸಿದ್ದು ಗಳಗನಾಥರ ಹೆಗಲ ಮೇಲಿನ ಈ ಗಂಟು. ಆದುದರಿಂದ ಅದರೊಳಗೆ ಏನಿತ್ತೆಂಬುದನ್ನು ಪರೀಕ್ಷಿಸುವುದು ಕೇವಲ ಸಾಹಿತ್ಯದ ಹವ್ಯಾಸವಲ್ಲ.

ಕಥೆ ಸ್ಥೂಲವಾಗಿ ಹೀಗಿದೆ. ರಾಮರಾಜನು ತಾರುಣ್ಯದಲ್ಲಿ ಮೆಹರ್ಜಾನಳೆಂಬ ಮುಸಲ್ಮಾನ ಸುಂದರಿಯನ್ನು ಪ್ರೀತಿಸುತ್ತಾನೆ. ಅವಳನ್ನು ಕುಂಜವನದ ಏಕಾಂತದಲ್ಲಿ ಇರಿಸುತ್ತಾನೆ. ಅಧಿಕಾರದ ಆಶೆ ಪ್ರೀತಿಗಿಂತ ಬಲವತ್ತರವಾಗಿ, ಅವಳ ಕೈಬಿಡುತ್ತಾನೆ. ಅವಳಲ್ಲಿ ಹುಟ್ಟಿದ ಮಗನು ವಿಜಾಪುರದ ಆಶ್ರಯದಲ್ಲಿ ಬೆಳೆದು, ರಣಮಸ್ತಖಾನನೆಂಬ ಸರದಾರನಾಗಿ, ತಂದೆಯ ರಾಜಧಾನಿಗೇ ಮರಳುತ್ತಾನೆ. ತಂದೆ ಮಗನನ್ನರಿಯನು, ಮಗ ತಂದೆಯನ್ನರಿಯನು. ಕೊನೆಗೆ ಮಗನಿಂದಲೇ ತಂದೆಯ ನಾಶವಾಗುತ್ತದೆ. ತಂದೆಯೊಡನೆ ಸಾಮ್ರಾಜ್ಯವೂ ಹೋಗುತ್ತದೆ. ಹೆಣ್ಣಿನ ಅಳಲು, ಗುಟ್ಟಾದ ಹುಟ್ಟು, ತಡವಾಗಿ ಬರುವ ಗುರುತು ಇವೆಲ್ಲವೂ ಕೂಡಿದ ಮೇಲೆ ಓದುಗನು ಪುಸ್ತಕವನ್ನು ಕೆಳಗಿಡುವುದೆಂತು?

ಆದರೆ ರಣಮಸ್ತಖಾನನೆಂಬ ಇಂಥ ಮಗನು ಚರಿತ್ರೆಯಲ್ಲಿ ಇಲ್ಲ. ಕಾಳಗಕ್ಕೆ ಸಮೀಪದ ಬರೆಹಗಾರರಲ್ಲಿ ಯಾರೂ ಅವನನ್ನು ಅರಿಯರು. 1565ನೆಯ ಇಸವಿ ಜನವರಿ 23ರಂದು ಕೃಷ್ಣೆಯ ದಡದ ರಕ್ಕಸಗಿ ತಂಗಡಗಿಗಳ ಹೆಸರಿನಿಂದ ಪ್ರಸಿದ್ಧವಾದ ಯುದ್ಧದಲ್ಲಿ ರಾಮರಾಯನು ಸೆರೆಸಿಕ್ಕನು; ಅಹಮದನಗರದ ಹುಸೇನ ನಿಜಾಮಶಹನ ಮುಂದೆ ಅವನ ತಲೆಯನ್ನು ಹೊಡೆಯಲಾಯಿತು; ಆ ತಲೆಯನ್ನು ಕಂಡು ವಿಜಯನಗರದ ಸೈನ್ಯವು ಚದರಿತು. ಇಷ್ಟರ ಮಟ್ಟಿಗೆ ಫೆರಿಸ್ತಾನೂ ಪೋರ್ತುಗೀಜ ಇತಿಹಾಸಕಾರ ದಿಯೋಗೊ ದೊ ಕೂತೊನೂ ಒಂದಾಗಿದ್ದಾರೆ. ಸೆರೆ ಹಿಡಿದದ್ದು ನಿಜಾಮಶಾಹಿಯ ಆನೆಯೊಂದು ಎಂದು ಫೆರಿಸ್ತಾ ಹೇಳುತ್ತಾನೆ. ಮಗನ ಸುದ್ದಿಯೇ ಇಲ್ಲ.

ಇಲ್ಲಿಗೆ ವಿಮರ್ಶಕನ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಕಾದಂಬರಿಯಲ್ಲಿ ಸುಳ್ಳನ್ನು ಹುಡುಕಿ ತೆಗೆದು, ಇದು ಇತಿಹಾಸವಲ್ಲವೆಂದು ಷರಾ ಬರೆದು ಬಿಡುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಆಪಟೆಯವರು ಈ ಮಗನನ್ನು ಗಾಳಿಯಿಂದ ಹುಟ್ಟಿಸಲಿಲ್ಲ. ರಾಮರಾಯನಿಗೆ ಶತ್ರುಗಳ ಪಾಳಯದಲ್ಲಿ ಒಬ್ಬ ಮಗನು ನಿಜವಾಗಿಯೂ ಇದ್ದನು. ಅವನು ಬಸಿರಿನಿಂದ ಬಂದ ಮಗನಲ್ಲ, ಮಾತಿನಿಂದ ಬಂದ ಮಗ. ಅವನು ವಿಜಾಪುರದ ಸುಲ್ತಾನ ಅಲಿ ಆದಿಲಶಹನೇ.

ಈ ಸಂಗತಿಯನ್ನು ಹೇಳುವವನು ಫೆರಿಸ್ತಾ. ಅವನು ಮೊದಲು ಅಹಮದನಗರದಲ್ಲಿದ್ದು 1589ರಲ್ಲಿ ವಿಜಾಪುರಕ್ಕೆ ಬಂದವನು, ಎರಡೂ ದರಬಾರುಗಳ ಉಪ್ಪನ್ನು ಉಂಡವನು. ಅವನ ಕಥನದ ಪ್ರಕಾರ, 1558ರಲ್ಲಿ ಪಟ್ಟಕ್ಕೆ ಬಂದ ಅಲಿಗೆ ಅಹಮದನಗರದ ವಿರುದ್ಧ ರಾಮರಾಯನ ನೆರವು ಬೇಕಾಗಿತ್ತು. ಆ ವೇಳೆಗೆ ರಾಮರಾಯನ ಮಗನೊಬ್ಬನು ತೀರಿಕೊಂಡನು. ಅಲಿಯು ಸ್ವಲ್ಪವೇ ಜನ ಸವಾರರನ್ನು ಕಟ್ಟಿಕೊಂಡು, ಬೇರೆ ಸೈನ್ಯವಿಲ್ಲದೆ, ದುಃಖವಿಚಾರಣೆಗಾಗಿ ವಿಜಯನಗರದೊಳಕ್ಕೆ ಹೋದನು. ತಲೆತಲಾಂತರದಿಂದ ರಾಯಚೂರಿಗಾಗಿ ಮುದಗಲ್ಲಿಗಾಗಿ ಕಾದಾಡಿದ ಮನೆತನದ ಅರಸು ವೈರಿಯ ಕೋಟೆಯನ್ನು ಹೀಗೆ ಹೊಕ್ಕುದು ಸಾಮಾನ್ಯ ಸಾಹಸವಲ್ಲ. ರಾಮರಾಯನ ಹೆಂಡತಿಯು ಆಗ ಅಲಿಯನ್ನು ಮಗನೆಂದು ಸ್ವೀಕರಿಸಿದಳು. ಮೂರು ದಿನ ಉಪಚಾರಗಳು ನಡೆದವು. ಹೊರಡುವಾಗ ಮಾತ್ರ ರಾಮರಾಯನು ಊರ ಹೊರಗಿನವರೆಗೆ ಬಂದು ಅವನನ್ನು ಬೀಳ್ಕೊಡಲಿಲ್ಲ. ಅಲಿಯು ಅದನ್ನು ಅವಮಾನವೆಂದೆಣಿಸಿ, ಬಾಯಿಬಿಡದೆ ಮನಸ್ಸಿನಲ್ಲಿ ಇರಿಸಿಕೊಂಡನೆಂದು ಫೆರಿಸ್ತಾ ಹೇಳುತ್ತಾನೆ.

ಈ ಕೊನೆಯ ಮಾತನ್ನು ನಾನು ಪೂರ್ತಿಯಾಗಿ ನಂಬಲಾರೆ. ಯುದ್ಧವಾಗಿ ನಾಲ್ವತ್ತು ವರ್ಷ ಕಳೆದ ಮೇಲೆ ವಿಜಾಪುರದ ಆಶ್ರಯದಲ್ಲಿ ಬರೆಯುವವನಿಗೆ, ಮಗನು ತಂದೆಯ ಮೇಲೆ ಕತ್ತಿ ಹಿರಿದುದಕ್ಕೆ ಒಂದು ಕಾರಣ ಬೇಕಾಗಿತ್ತು. ಆದರೆ ಮಗನೆಂದು ಸ್ವೀಕರಿಸಿದ ಸಂಗತಿಯನ್ನು ಕಟ್ಟಿ ಹೇಳುವ ಅಗತ್ಯ ಅವನಿಗೆ ಇರಲಿಲ್ಲ. ಅದು ಅವನ ಒಡೆಯರ ಮನೆತನಕ್ಕೆ ಅನುಕೂಲದ ಮಾತೂ ಅಲ್ಲ. ಮೇಲಾಗಿ ಇನ್ನೊಂದು ದಿಕ್ಕಿನಿಂದ ಅದಕ್ಕೆ ಬೆಂಬಲ ಬರುತ್ತದೆ. ಗೋವೆಯ ಕೂತೊ ಹೇಳುವಂತೆ, ರಾಮರಾಯನು ಸೆರೆಯಾದ ಸುದ್ದಿ ಕೇಳಿ ಆದಿಲಶಹನು ಅವನನ್ನು ಬಿಡಿಸಲೆಂದು ಧಾವಿಸಿದನು, ಏಕೆಂದರೆ ಅವನನ್ನು ತಂದೆಯ ಸ್ಥಾನದಲ್ಲಿ ಇರಿಸಿಕೊಂಡಿದ್ದನು. ಆದರೆ ಅವನು ಬಂದು ಸೇರುವುದರೊಳಗೆ ನಿಜಾಮಶಹನು ತಲೆಯನ್ನು ತೆಗೆದಾಗಿತ್ತು. ಇದೇ ಕೂತೊ ರಾಮರಾಯನಿಗೆ ಆಗ 96 ವರ್ಷವೆಂದೂ ಬರೆಯುತ್ತಾನೆ. ವಯಸ್ಸನ್ನು ಹೇಳುವಾಗ ಧಾರಾಳಿಯಾದವನ ಮಾತನ್ನು ಉಳಿದೆಡೆಯೂ ಸ್ವಲ್ಪ ತೂಗಿ ನೋಡಬೇಕಾದುದೇ ಸರಿ. ಆದರೂ ಪರ್ಷಿಯನ್ನಿನಲ್ಲಿ ಬರೆದವನೂ ಪೋರ್ತುಗೀಜಿನಲ್ಲಿ ಬರೆದವನೂ ತಂದೆ ಮಗನೆಂಬ ಒಂದೇ ಮಾತನ್ನು ಆಡಿದಾಗ, ಆ ಮಾತು ದಖನ್ನಿನಲ್ಲಿ ಆಗ ಎಲ್ಲರಿಗೂ ತಿಳಿದದ್ದಾಗಿತ್ತೆಂದು ಊಹಿಸಬಹುದು.

ಇನ್ನೊಂದು ಎಳೆಯುಂಟು. ಯುದ್ಧದ ಎರಡು ವರ್ಷಗಳ ಮೇಲೆ, 1567ರಲ್ಲಿ, ವಿಜಯನಗರಕ್ಕೆ ಬಂದು ಕೆಲವು ತಿಂಗಳು ತಂಗಿದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ಕನು ಸೋಲಿಗೆ ಕಾರಣವನ್ನು ಬೇರೆಯಾಗಿ ಹೇಳಿದನು. ರಾಮರಾಯನ ಸೇವೆಯಲ್ಲಿದ್ದ ಇಬ್ಬರು ಮುಸಲ್ಮಾನ ದಳಪತಿಗಳು ಕಾಳಗದ ನಡುವೆ ಪಕ್ಷ ಬದಲಿಸಿದರೆಂಬುದು ಅವನು ಕೇಳಿದ ಸುದ್ದಿ. ಫೆರಿಸ್ತಾನಲ್ಲಿ ಈ ದ್ರೋಹದ ಮಾತಿಲ್ಲ. ಸೋತ ಊರಿನಲ್ಲಿ ದ್ರೋಹದ ಕಥೆ ಹುಟ್ಟುವುದು ಸ್ವಾಭಾವಿಕ. ಪಾಣಿಪತದ ಮೇಲೆ ಈ ಪುಣೆಯಲ್ಲಿ ಎಷ್ಟು ಬಗೆಯ ಕಥೆಗಳು ಹುಟ್ಟಲಿಲ್ಲ! ಸದಾಶಿವರಾವ ಭಾವೂಸಾಹೇಬರು ಸತ್ತಿಲ್ಲವೆಂಬ ನಂಬಿಕೆಯು ಒಬ್ಬ ಸೋಗಿನ ಭಾವೂನನ್ನೇ ಎಬ್ಬಿಸಿ, 1776ರಲ್ಲಿ ಕೊಂಕಣದ ಕೋಟೆಗಳನ್ನು ಅವನ ವಶಕ್ಕೆ ಕೊಡಿಸಿತು. ಜನರು ನಂಬಿದ ಕಥೆಗೂ ಚರಿತ್ರೆಯಲ್ಲಿ ಕಾಲು ಇರುತ್ತದೆ.

ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಫೆರಿಸ್ತಾ, ಕೂತೊ, ಫ್ರೆಡರಿಕ್ ಮೂವರೂ ಒಂದೇ ರಟ್ಟಿನೊಳಗೆ ಸೇರಿಕೊಂಡರು. ಆಪಟೆಯವರ ಕಾದಂಬರಿ ಅದರ ಮೇಲೆ ಬಂದದ್ದು. ನನಗೆ ತೋರುವುದೇನೆಂದರೆ, ಫೆರಿಸ್ತಾನ ‘ಮಗ’ನನ್ನೂ ಫ್ರೆಡರಿಕ್ಕನ ‘ದ್ರೋಹಿ’ಯನ್ನೂ ಒಂದೇ ದೇಹದಲ್ಲಿ ಕೂಡಿಸಿದರೆ ರಣಮಸ್ತಖಾನನು ದೊರೆಯುತ್ತಾನೆ. ಇದು ನನ್ನ ಅನುಮಾನವೇ ಹೊರತು ಆಪಟೆಯವರ ಹೇಳಿಕೆಯಲ್ಲ. ಆದರೆ ಕಾದಂಬರಿಕಾರನ ಕೈ ಕೆಲಸ ಮಾಡುವ ರೀತಿಯನ್ನು ಬಲ್ಲವರು ಇದನ್ನು ಅಸಂಭವವೆನ್ನಲಾರರು.

ಕೂಡಿಸಿದ್ದರಿಂದ ಕಥೆಗೆ ದೊರೆತದ್ದು ಬಹಳ. ಸಾಮ್ರಾಜ್ಯದ ಪತನದಂಥ ದೊಡ್ಡ ಸಂಗತಿಯನ್ನು ಒಂದು ಮನೆಯ ದುಃಖವಾಗಿ ಕಾಣಿಸಿದಾಗ ಸಾಮಾನ್ಯನಿಗೆ ಅದು ಎಟಕುತ್ತದೆ. ನಮ್ಮ ಅಜ್ಜಿಯಂಥವರು ಆದಿಲಶಾಹಿ ನಿಜಾಮಶಾಹಿಗಳ ಭೇದವನ್ನರಿಯದೆಯೂ ಮೆಹರ್ಜಾನಳಿಗಾಗಿ ಮರುಗಿದರು. ಪರಮತದ ಹೆಣ್ಣಿನ ಅಳಲಿಗೆ ಕಣ್ಣೀರು ಹಾಕುವಂತೆ ಮಾಡಿದ್ದು ಆ ಕಾಲದ ಕಾದಂಬರಿಗೆ ಸಣ್ಣ ಗೆಲುವಲ್ಲ. ಅಷ್ಟನ್ನು ಕೃತಜ್ಞತೆಯಿಂದ ಒಪ್ಪಲೇಬೇಕು.

ಗಳಗನಾಥರು ಹೆಸರನ್ನು ಬದಲಿಸಿದುದು ಇಲ್ಲಿ ಗಮನಾರ್ಹವಾಗಿದೆ. ವಜ್ರಾಘಾತವು ಆಕಾಶದಿಂದ ಎರಗುವುದು. ಅದಕ್ಕೆ ಕೆಳಗಿನವನು ಹೊಣೆಯಲ್ಲ. ಕರ್ಮಕಥೆಯಾದರೋ ತಾನು ಮಾಡಿದ್ದನ್ನು ತಾನೇ ಉಣ್ಣುವ ಕಥೆ. ಮರಾಠಿಯಲ್ಲಿ ಅದು ರಾಮರಾಜನ ಮೇಲೆ ಬಿದ್ದ ಸಿಡಿಲು. ಕನ್ನಡದಲ್ಲಿ ‘ಕನ್ನಡಿಗರ’ ಎಂಬ ಷಷ್ಠಿಯು ಸೇರಿ, ಒಬ್ಬನ ತಪ್ಪು ಒಂದು ಜನಾಂಗದ ಪ್ರಾರಬ್ಧವಾಯಿತು. ಪರರ ಭಾಷೆಯ ಆಡಳಿತದಲ್ಲಿ ಕುಗ್ಗಿದ್ದ ಅಂದಿನ ಧಾರವಾಡದ ಓದುಗನಿಗೆ ಆ ಮಾತು ಏಕೆ ನಾಟಿತೆಂಬುದು ಸ್ಪಷ್ಟ. ರಾಮರಾಯನು ತೆಲುಗಿನ ಅರವೀಡು ಮನೆತನದವನು, ಅವನ ರಾಜ್ಯದಲ್ಲಿ ಕನ್ನಡ ತೆಲುಗು ತಮಿಳುಗಳೆಲ್ಲ ನಡೆಯುತ್ತಿದ್ದವು ಎಂಬ ತಕರಾರನ್ನು ಗಳಗನಾಥರ ಮುಂದೆ ಎತ್ತುವುದು ಅರಸಿಕತೆ. ಕಳೆದುಕೊಂಡುದನ್ನು ನಮ್ಮದೆನ್ನುವುದಕ್ಕೆ ಅವರು ತವಕಿಸುತ್ತಿದ್ದರು.

ಕಳೆದದ್ದೇನೆಂಬುದನ್ನೂ ಹೇಳಬೇಕು. ಮಾತಿನ ಮಗನನ್ನು ರಕ್ತದ ಮಗನನ್ನಾಗಿ ಮಾಡಿದೊಡನೆ, ರಾಮರಾಯನ ಬದುಕಿನಲ್ಲಿ ನಿಜವಾಗಿ ವಿಚಿತ್ರವಾಗಿದ್ದುದೆಲ್ಲ ಮರೆಯಾಯಿತು. ಅವನು ವಿಜಯನಗರದ ಅಂಗಳದಲ್ಲಿ ಬೆಳೆದ ಶುದ್ಧ ಹಿಂದೂ ವೀರನಾಗಿದ್ದು, ಒಂದೇ ಒಂದು ಸಾರಿ ಕಾಮವಶನಾಗಿ ಗೆರೆ ದಾಟಿದನೆಂಬ ಚಿತ್ರ ಕಾದಂಬರಿಯಿಂದ ಮೂಡುತ್ತದೆ. ಆ ಒಂದು ದಾಟುವಿಕೆಯೇ ಸರ್ವನಾಶದ ಬೀಜ. ಚರಿತ್ರೆಯ ರಾಮರಾಯನಾದರೋ ಮೊದಲಿನಿಂದಲೂ ಗೆರೆಯ ಎರಡೂ ಕಡೆ ಬದುಕಿದವನು. ಗೋಲಕೊಂಡದ ಒಂದು ಪರ್ಷಿಯನ್ ಇತಿಹಾಸದ ಪ್ರಕಾರ ಅವನು ಮೊದಲು ಊಳಿಗ ಮಾಡಿದ್ದು ಕುತುಬಶಾಹಿಯ ಮೂಲಪುರುಷ ಸುಲ್ತಾನ ಕುಲಿಯ ಕೈಕೆಳಗೆ. ವಿಜಾಪುರದ ದಾಳಿಯ ಮುಂದೆ ನಿಲ್ಲದೆ ಓಡಿ ಬಂದನೆಂದು ಅಲ್ಲಿಂದ ಹೊರದೂಡಿಸಿಕೊಂಡು, 1515ರ ಸುಮಾರಿಗೆ ಕೃಷ್ಣದೇವರಾಯನ ಬಾಗಿಲಿಗೆ ಬಂದನು. ಹೇಡಿಯೆಂದು ತಳ್ಳಲ್ಪಟ್ಟವನು ಚಕ್ರವರ್ತಿಯ ಅಳಿಯನಾದನು. ಇದಕ್ಕಿಂತ ಸೋಜಿಗದ ಕಥೆಯನ್ನು ಯಾವ ಕಾದಂಬರಿಕಾರ ಕಟ್ಟಿಯಾನು? ಇತ್ತೀಚೆಗೆ ರಿಚರ್ಡ್ ಈಟನ್ನರು ದಖನ್ನಿನ ಎಂಟು ಜೀವನಗಳನ್ನು ಕುರಿತು 2005ರಲ್ಲಿ ಹೊರತಂದ ಗ್ರಂಥದಲ್ಲಿ ರಾಮರಾಯನನ್ನು ಈ ದೃಷ್ಟಿಯಿಂದಲೇ ವಿಚಾರಿಸಿದ್ದಾರೆ.

ಕೃಷ್ಣೆಯ ದಡದಲ್ಲಿ ಅವನೆದುರು ನಿಂತವರನ್ನು ನೋಡಿರಿ. ಗೋಲಕೊಂಡದ ಇಬ್ರಾಹಿಮ ಕುತುಬಶಹನು ಪಟ್ಟಕ್ಕೆ ಬರುವ ಮುನ್ನ ಅಣ್ಣನಿಗೆ ಹೆದರಿ ವಿಜಯನಗರಕ್ಕೆ ಓಡಿ ಬಂದು, 1543ರಿಂದ 1550ರವರೆಗೆ ಏಳು ವರ್ಷ ರಾಮರಾಯನ ಅನ್ನ ಉಂಡವನು. ತೆಲುಗು ಕವಿಗಳು ಮಲ್ಕಿಭರಾಮನೆಂದು ಹೊಗಳಿದವನು ಇವನೇ. ವಿಜಾಪುರದ ಅಲಿ ಮಡಿಲ ಮಗ. ಹುಸೇನ ನಿಜಾಮಶಹನೊಬ್ಬನೇ ನಿಜವಾದ ಹಗೆ, ಮತ್ತು ಆ ಹಗೆಗೂ ಮನೆವಾರ್ತೆಯ ವಾಸನೆಯೇ ಇದೆ. ರಾಮರಾಯನೂ ಅಲಿಯೂ ಕೂಡಿ ಅಹಮದನಗರವನ್ನು ಮುತ್ತಿ ಹುಸೇನನನ್ನು ಬಾಗಿಸಿದಾಗ, ಅವನು ತಾನೇ ಬಂದು ರಾಮರಾಯನನ್ನು ಕಾಣಬೇಕಾಯಿತು. ರಾಮರಾಯನು ಅವನ ಕೈ ಮುಟ್ಟಿದೊಡನೆ ಹುಸೇನನು ನೀರು ತರಿಸಿ ಕೈ ತೊಳೆದುಕೊಂಡನು. ರಾಮರಾಯನು ತನ್ನ ನುಡಿಯಲ್ಲಿ, ಅತಿಥಿಯಾಗಿ ಬಂದುದರಿಂದ ಉಳಿದೆ ಎಂಬರ್ಥದ ಬಿರುನುಡಿಯಾಡಿ, ತಾನೂ ನೀರು ತರಿಸಿ ಕೈ ತೊಳೆದನು. ಫೆರಿಸ್ತಾನು ಹೇಳುವ ಈ ಪ್ರಸಂಗವನ್ನು ಓದುವಾಗ, ಮಡಿ ಮೈಲಿಗೆಗಳು ಒಂದೇ ಮತದವರ ಸೊತ್ತಲ್ಲವೆಂದು ನಗು ಬರುತ್ತದೆ. ಆ ಎರಡು ತಂಬಿಗೆ ನೀರಿನ ಬೆಲೆ ಏನಾಯಿತೆಂಬುದನ್ನು ನೆನೆದಾಗ ನಗು ನಿಲ್ಲುತ್ತದೆ.

ಮುಂದೆ ಸುಲ್ತಾನರು ಒಂದಾದುದು ಹೇಗೆ? ಮಸೀದಿಗಳ ಅವಮಾನವೆಂದು ಫೆರಿಸ್ತಾ ಕಾರಣ ಹೇಳುತ್ತಾನೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒಪ್ಪಂದಕ್ಕೆ ಗಂಟು ಹಾಕಿದ್ದು ಮದುವೆ. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟರು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಬಂದಿತು. ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜನಿಗೆ ತಂದರು. ಕೈ ತೊಳೆದುಕೊಂಡವನು ಹೀಗೆ ಅಲಿಯ ಮಾವನಾದನು. ಅಳಿಯತನದಿಂದಲೇ ರಾಜ್ಯವನ್ನು ಹಿಡಿದ ಅಳಿಯ ರಾಮರಾಯನನ್ನು ಮುರಿಯಲು ಇನ್ನೊಬ್ಬನು ಅಳಿಯನಾಗಬೇಕಾಯಿತು! ಕೂತೊನ ಮಾತು ನಿಜವಾದರೆ, 1565ರ ಆ ಮಧ್ಯಾಹ್ನ ಅಲಿಯ ಕುದುರೆ ಓಡುತ್ತಿದ್ದುದು ಮಾವನ ಕೈಯಿಂದ ತಂದೆಯನ್ನು ಬಿಡಿಸಲೆಂದು. ಎರಡು ಸಂಬಂಧಗಳೂ ರಾಜಕಾರಣಕ್ಕಾಗಿ ಕಟ್ಟಿದವು, ಎರಡೂ ಸುಳ್ಳಾಗಿರಲಿಲ್ಲ. ಈ ಇಕ್ಕಟ್ಟನ್ನು ಕಾಣಿಸಲು ಅಡಗಿಸಿಟ್ಟ ಹುಟ್ಟಿನ ಗುಟ್ಟು ಬೇಕಾಗಿರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ದುರಂತ ಇರುವುದೇ ಅಲ್ಲಿ.

ಆದುದರಿಂದ ‘ಕರ್ಮಕಥೆ’ಯ ಮೇಲೆ ನನ್ನ ಮುಖ್ಯ ಆಕ್ಷೇಪ ಅದು ಇಲ್ಲದ ಮಗನನ್ನು ತಂದಿತೆಂಬುದಲ್ಲ, ಇದ್ದ ತಾಯಿಯನ್ನು ಬಿಟ್ಟಿತೆಂಬುದು. ಮಗ ಸತ್ತ ಮನೆಯಲ್ಲಿ, ಸಮಾಧಾನ ಹೇಳಲು ಬಂದ ಶತ್ರುಕುಲದ ತರುಣನನ್ನು ಮಗನೆಂದ ಆ ಹೆಂಗಸು ಫೆರಿಸ್ತಾನಲ್ಲಿ ಒಂದು ವಾಕ್ಯದಷ್ಟು ಹೊತ್ತು ಮಾತ್ರ ಕಾಣಿಸಿಕೊಳ್ಳುತ್ತಾಳೆ. ಅವಳ ಬದಲು ಕುಂಜವನದ ಮೆಹರ್ಜಾನಳು ಬಂದಳು. ಮೆಹರ್ಜಾನಳ ಜೊತೆಗೆ ಇನ್ನೊಂದು ವಿಚಾರವೂ ನುಸುಳಿ ಬಂದಿತು; ಎರಡು ಮತಗಳ ನಡುವಿನ ಪ್ರೀತಿಯಿಂದ ಹುಟ್ಟಿದ್ದು ಕೊನೆಗೆ ಮನೆ ಮುರಿಯುತ್ತದೆಂಬ ವಿಚಾರ. ಆಪಟೆಯವರಾಗಲಿ ಗಳಗನಾಥರಾಗಲಿ ಇದನ್ನು ಬೋಧಿಸಲು ಹೊರಟವರಲ್ಲ. ಆದರೆ ನಮ್ಮ ಕೂಟದ ಹಿರಿಯರು ಆ ದಿನ ರಣಮಸ್ತಖಾನನ ಹೆಸರು ಹೇಳಿದ ಮೇಲೆ ಮುಂದುವರಿದು ಆಡಿದ ಮಾತು ಇದೇ ಅರ್ಥದ್ದಾಗಿತ್ತು. ತರುಣನು ತಲೆದೂಗಿದನು. ಈ ಲೇಖನಕ್ಕೆ ಪ್ರೇರಣೆಯಾದುದು ಆ ತಲೆದೂಗುವಿಕೆ.

ಕನ್ನಡದಲ್ಲಿ ಈ ವಸ್ತುವನ್ನು ಮತ್ತೆ ಮುಟ್ಟಿದವರು ಗಿರೀಶ ಕಾರ್ನಾಡರು. 1974–75ರಲ್ಲಿ ಇಲ್ಲಿಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದುದರಿಂದ ಪುಣೆಯ ಕನ್ನಡಿಗರಿಗೆ ಅವರು ಹೊರಗಿನವರಲ್ಲ. 2018ರಲ್ಲಿ ಬಂದ ‘ರಾಕ್ಷಸ ತಂಗಡಿ’ಯಲ್ಲಿ ಅವರು ರಾಮರಾಯನ ಅಳಿಯತನವನ್ನೂ ಅಲಿ ಆದಿಲಶಹನೊಡನೆ ಅವನಿಗಿದ್ದ ನಂಟನ್ನೂ ಮುಂದಕ್ಕೆ ತಂದು, ಮತಯುದ್ಧದ ಹಳೆಯ ಚೌಕಟ್ಟನ್ನು ಬದಿಗಿರಿಸಿದರು. ಚರಿತ್ರೆಯ ದೃಷ್ಟಿಯಿಂದ ಅದು ‘ಕರ್ಮಕಥೆ’ಗಿಂತ ಬಹಳ ಮುಂದಿದೆ. ಆದರೆ ಅದನ್ನು ಕೇಳಿದ ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಹೇಳುವಳೆಂದು ನನಗೆ ತೋರುವುದಿಲ್ಲ. ಅದು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಗಂಟಲು ಕಟ್ಟಿಸುವುದಿಲ್ಲ. ಗಳಗನಾಥರ ಕರುಣರಸವೂ ಕಾರ್ನಾಡರ ತಿಳಿವೂ ಕೂಡಿದ ಕೃತಿ ಇನ್ನೂ ಬರಬೇಕಾಗಿದೆ.

ಬರೆಯುವವರಿಗೆ ಸಾಮಗ್ರಿ ದೂರವಿಲ್ಲ. ರಾಮರಾಯನ ತಲೆಯ ಮುಂದಿನ ಕಥೆಯನ್ನೇ ನೋಡಬಹುದು. ಫೆರಿಸ್ತಾನನ್ನು ಇಂಗ್ಲಿಷಿಗೆ ತಂದು 1829ರಲ್ಲಿ ಪ್ರಕಟಿಸಿದ ಬ್ರಿಗ್ಸನು ಒಂದು ಟಿಪ್ಪಣಿ ಬರೆದಿದ್ದಾನೆ: ಆ ತಲೆಯನ್ನು ಕೊಂದವನ ವಂಶಸ್ಥರು ಅಹಮದನಗರದಲ್ಲಿ ಕಾಪಾಡಿಕೊಂಡು, ಎಣ್ಣೆ ಕುಂಕುಮ ಬಣ್ಣ ಬಳಿದು, ಯುದ್ಧದ ದಿನ ವರ್ಷವರ್ಷವೂ ಹೊರಗೆ ತೋರಿಸುತ್ತಿದ್ದರು, ಅದು 254 ವರ್ಷಗಳಿಂದ ನಡೆದು ಬಂದಿತ್ತು. ಬ್ರಿಗ್ಸನು ಇದರಲ್ಲಿ ಕೇವಲ ದ್ವೇಷವನ್ನು ಕಂಡನು. ನಮ್ಮ ಕಡೆಯ ಜನರಿಗೆ ಎಣ್ಣೆ ಹಚ್ಚಿ ಕೆಂಪು ಬಳಿದು ವರ್ಷಕ್ಕೊಮ್ಮೆ ಹೊರತೆಗೆಯುವುದೆಂದರೆ ಏನೆಂದು ಬೇರೆ ಹೇಳಬೇಕೆ? ದ್ವೇಷದಿಂದ ಮೊದಲಾದುದು ಎರಡೂವರೆ ಶತಮಾನದಲ್ಲಿ ಏನಾಗಿ ಪರಿಣಮಿಸಿತ್ತೋ ಬ್ರಿಗ್ಸನು ವಿಚಾರಿಸಲಿಲ್ಲ. ಆ ಊರು, 2024ರಿಂದ ಅಹಿಲ್ಯಾನಗರವೆಂದು ಹೆಸರಾದುದು, ಇಲ್ಲಿಂದ ಸುಮಾರು 120 ಕಿಲೋಮೀಟರು.

ಇನ್ನೂ ಹತ್ತಿರದ್ದು ಬೇಕಾದರೆ ಸದಾಶಿವ ಪೇಟೆಗೆ ಹೋಗಬೇಕು. ರಾಜವಾಡೆಯವರು 1910ರಲ್ಲಿ ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ‘ತಾರೀಫ್-ಎ-ಹುಸೇನ್ ಶಾಹಿ’ ಎಂಬ ಪರ್ಷಿಯನ್ ಕಾವ್ಯದ ಸಚಿತ್ರ ಹಸ್ತಪ್ರತಿ ಉಂಟು. ಆಫ್ತಾಬಿ ಎಂಬ ಕವಿ ಹುಸೇನ ನಿಜಾಮಶಹನನ್ನೂ ಅವನ ರಾಣಿಯನ್ನೂ ಹೊಗಳಿ ಬರೆದುದು. ಯುದ್ಧವಾಗಿ ನಾಲ್ಕೈದು ವರ್ಷಗಳೊಳಗೆ ಸಿದ್ಧವಾದ ಈ ಪ್ರತಿಯಲ್ಲಿ ಈಗ ಹನ್ನೆರಡು ಚಿತ್ರಗಳಿವೆ. ರಾಮರಾಯನ ಶಿರಚ್ಛೇದವೂ ಅವುಗಳಲ್ಲಿ ಇದೆ. ಗೆದ್ದವರು ಬರೆಯಿಸಿದ ಚಿತ್ರವಾದುದರಿಂದ ಅಲಿಯ ಓಟವನ್ನು ಅದರಲ್ಲಿ ಹುಡುಕಬೇಕಾಗಿಲ್ಲ. ಕುಲಕರ್ಣಿ ಮತ್ತು ಮಾಟೆಯವರು 1987ರಲ್ಲಿ ಇದನ್ನು ಸಂಪಾದಿಸಿ ಹೊರತಂದಿದ್ದಾರೆ.

ಆ ಚಿತ್ರಗಳಲ್ಲಿ ಒಂದು ವಿಚಿತ್ರವುಂಟು. ಹುಸೇನನು ಆ ವರ್ಷವೇ, 1565ರಲ್ಲಿ, ತೀರಿಕೊಂಡ ಮೇಲೆ ಅವನ ರಾಣಿ ಖುಂಜಾ ಹುಮಾಯೂನಳು ಮಗನ ಹೆಸರಿನಲ್ಲಿ ರಾಜ್ಯವನ್ನಾಳಿ, 1569ರಲ್ಲಿ ಆ ಮಗನಿಂದಲೇ ಅಧಿಕಾರ ಕಳೆದುಕೊಂಡಳು. ಅನಂತರ ಗಂಡನ ಮಗ್ಗುಲಲ್ಲಿ ಕುಳಿತಿದ್ದ ಅವಳ ಆಕೃತಿಗಳನ್ನು ಯಾರೋ ಅಳಿಸಿ ಬಣ್ಣ ಮೆತ್ತಿದರು. ಚಾಂದಬೀಬಿಯ ತಾಯಿ, ಅಲಿಯ ಅತ್ತೆ, ಇವಳೇ. ಅಲಿಯ ಇನ್ನೊಬ್ಬ ತಾಯಿ, ಅವನನ್ನು ವಿಜಯನಗರದ ಅರಮನೆಯಲ್ಲಿ ಮಗನೆಂದವಳ ಹೆಸರನ್ನು, ಫೆರಿಸ್ತಾನು ಆ ವಾಕ್ಯದಲ್ಲಿ ಬರೆದಿಲ್ಲ.